ಜಂತುಹುಳುವಿಗೆ ಅಂತಸ್ತಿನ ಹಂಗಿಲ್ಲ

ನ್ಯೂಯಾರ್ಕ್ ನಗರದ ಸಂಪ್ರದಾಯಸ್ಥ ಯಹೂದಿ ಸಮುದಾಯಕ್ಕೆ ಸೇರಿದ ನಾಲ್ವರು 1990–91ರ ಅವಧಿಯಲ್ಲಿ ಮೂರ್ಛೆರೋಗದ ಚಿಕಿತ್ಸೆಗೆಂದು ಆಸ್ಪತ್ರೆಗೆ ಬಂದರು. ಅವರು ಪರಸ್ಪರ ಬಂಧುಗಳಲ್ಲ. ಆದರೆ ನಾಲ್ವರ ಮಿದುಳಿನಲ್ಲೂ ವೈದ್ಯರಿಗೆ ಒಂದೇ ಬಗೆಯ ಗಂಟುಗಳು ಕಂಡವು. ಅವು ಹಂದಿಯ ಲಾಡಿಹುಳುವಿನ ಮರಿಕೋಶಗಳು. ವೈದ್ಯರು ಬೆರಗಾದದ್ದು ಸಹಜ. ಯಹೂದಿ ಧರ್ಮದಲ್ಲಿ ಹಂದಿಮಾಂಸ ನಿಷಿದ್ಧ. ಈ ನಾಲ್ವರೂ ಅದನ್ನು ತಿಂದವರಲ್ಲ. ಹಾಗಿದ್ದರೆ ಹಂದಿಯ ಹುಳು ಅವರ ಮಿದುಳಿಗೆ ಬಂದದ್ದು ಎಲ್ಲಿಂದ?

1992ರಲ್ಲಿ ಪ್ರಕಟವಾದ ಈ ತನಿಖೆಯ ವರದಿ ಇಂದಿಗೂ ವೈದ್ಯಕೀಯ ವಿದ್ಯಾರ್ಥಿಗಳಿಗೆ ಪಾಠವಾಗಿದೆ. ಆ ಮನೆಗಳಲ್ಲಿ ಅಡುಗೆ ಮತ್ತು ಇತರ ಕೆಲಸಕ್ಕಿದ್ದವರು ಲ್ಯಾಟಿನ್ ಅಮೆರಿಕದ ದೇಶಗಳಿಂದ ವಲಸೆ ಬಂದವರು. ಆ ದೇಶಗಳಲ್ಲಿ ಹಂದಿಯ ಲಾಡಿಹುಳು ಸಾಮಾನ್ಯ. ಪರೀಕ್ಷೆಗೆ ಒಳಗಾದ ಕೆಲಸದವರಲ್ಲಿ ಒಬ್ಬರ ಕರುಳಿನಲ್ಲಿ ಹುಳು ಇದ್ದದ್ದು ಖಚಿತವಾಯಿತು. ಹುಳುವಿನ ಮೊಟ್ಟೆ ಕೈಯಿಂದ ಊಟದ ತಟ್ಟೆಗೆ, ತಟ್ಟೆಯಿಂದ ಹೊಟ್ಟೆಗೆ, ಹೊಟ್ಟೆಯಿಂದ ರಕ್ತದ ಮೂಲಕ ಮಿದುಳಿಗೆ ಸಾಗಿತ್ತು. ಆ ಕೆಲಸದಾಕೆಗೆ ತನ್ನ ಹೊಟ್ಟೆಯೊಳಗಿನ ಅತಿಥಿಯ ಸುಳಿವೇ ಇದ್ದಿರಲಾರದು. ಏಕೆಂದರೆ ಲಾಡಿಹುಳು ತಾನು ನೆಲೆಸಿದ ಮನುಷ್ಯನಿಗೆ ಹೆಚ್ಚಿನ ತೊಂದರೆ ಕೊಡದೆ ವರ್ಷಗಟ್ಟಲೆ ಬದುಕಬಲ್ಲದು.

ಈ ಪ್ರಕರಣವನ್ನು ನಾವು ಕನ್ನಡಿಗರು ದೂರದ ಊರಿನ ಕುತೂಹಲದ ಕಥೆಯೆಂದು ಬದಿಗಿಡುವಂತಿಲ್ಲ. 'ನಾವು ಮಾಂಸ ಮುಟ್ಟುವುದಿಲ್ಲ', 'ನಮ್ಮ ಮನೆಯಲ್ಲಿ ಶುದ್ಧ ನೀರಿನ ಯಂತ್ರವಿದೆ', 'ಜಂತುಹುಳು ಏನಿದ್ದರೂ ಹಳ್ಳಿಯ, ಕೊಳೆಗೇರಿಯ ಮಕ್ಕಳ ಕಾಯಿಲೆ' ಎಂಬ ನಂಬಿಕೆಗಳು ನಮ್ಮ ಮಧ್ಯಮವರ್ಗದಲ್ಲಿ ಗಟ್ಟಿಯಾಗಿ ಬೇರೂರಿವೆ. ಪರಾವಲಂಬಿ ಜೀವಿಗಳ ಸಂಚಾರದ ದಾರಿಯನ್ನು ಒಮ್ಮೆ ಹಿಂಬಾಲಿಸಿ ನೋಡಿದರೆ ಈ ಮೂರೂ ನಂಬಿಕೆಗಳು ಒಂದೊಂದಾಗಿ ಕಳಚಿಬೀಳುತ್ತವೆ.

ಮಾಂಸಕ್ಕಿಂತ ಮೊಟ್ಟೆಯೇ ಅಪಾಯ

ಹಂದಿಯ ಲಾಡಿಹುಳುವಿನ ಜೀವನಚಕ್ರ ವಿಚಿತ್ರವಾದುದು. ಪೂರ್ಣ ಬೆಳೆದ ಹುಳು ವಾಸಿಸುವುದು ಮನುಷ್ಯನ ಕರುಳಿನಲ್ಲಿ ಮಾತ್ರ. ಹಲವು ಮೀಟರ್ ಉದ್ದ ಬೆಳೆಯುವ ಅದರ ದೇಹ ನೂರಾರು ತುಂಡುಗಳ ಸರಪಳಿ. ತುದಿಯ ತುಂಡುಗಳು ಸಾವಿರಾರು ಮೊಟ್ಟೆಗಳನ್ನು ಹೊತ್ತು ಮಲದೊಡನೆ ಹೊರಬೀಳುತ್ತವೆ. ಬಯಲಿನಲ್ಲಿ ಬಿದ್ದ ಆ ಮಲವನ್ನು ಹಂದಿ ತಿಂದರೆ ಮೊಟ್ಟೆಯೊಡೆದು ಹೊರಬಂದ ಮರಿಗಳು ಅದರ ಸ್ನಾಯುಗಳಲ್ಲಿ ಕೋಶ ಕಟ್ಟಿಕೊಂಡು ಕೂರುತ್ತವೆ. ಸರಿಯಾಗಿ ಬೇಯದ ಆ ಮಾಂಸವನ್ನು ಮನುಷ್ಯ ತಿಂದರೆ ಅವನ ಕರುಳಿನಲ್ಲಿ ಮತ್ತೆ ಲಾಡಿಹುಳು ಬೆಳೆಯುತ್ತದೆ. ಇದು ಒಂದು ದಾರಿ.

ಇನ್ನೊಂದು ದಾರಿ ಹೆಚ್ಚು ಘೋರ. ಮನುಷ್ಯ ಮಾಂಸವನ್ನಲ್ಲ, ಹುಳುವಿನ ಮೊಟ್ಟೆಯನ್ನೇ ನುಂಗಿದರೆ ಅವನ ದೇಹವೇ ಹಂದಿಯ ದೇಹದ ಪಾತ್ರ ವಹಿಸುತ್ತದೆ. ಮರಿಗಳು ಸ್ನಾಯು, ಕಣ್ಣು ಮತ್ತು ಮಿದುಳಿನಲ್ಲಿ ಕೋಶ ಕಟ್ಟುತ್ತವೆ. ಮಿದುಳಿನಲ್ಲಿ ಕೋಶವಿದ್ದರೆ ಮೂರ್ಛೆರೋಗ, ತೀವ್ರ ತಲೆನೋವು, ಕೆಲವೊಮ್ಮೆ ಸಾವು. ಮೊಟ್ಟೆಯನ್ನು ನುಂಗುವುದಕ್ಕೆ ಮಾಂಸಾಹಾರಿಯಾಗಿರಬೇಕಿಲ್ಲ. ಮನುಷ್ಯನ ಮಲದ ಕಣ ಸೇರಿದ ನೀರು, ಸೊಪ್ಪು ಅಥವಾ ತೊಳೆಯದ ಕೈ ಸಾಕು. ಈ ಹುಳು ಪ್ರಚಲಿತವಾಗಿರುವ ಪ್ರದೇಶಗಳ ಮೂರ್ಛೆರೋಗದಲ್ಲಿ ಸುಮಾರು ಶೇ 30ರಷ್ಟಕ್ಕೆ ಇದೇ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಭಾರತದಲ್ಲಿ ಈ ರೋಗವನ್ನು ಗುರುತಿಸುವುದಕ್ಕೇ ಬಹುಕಾಲ ಹಿಡಿಯಿತು. ಸಿ.ಟಿ. ಸ್ಕ್ಯಾನ್ ಬಂದ ಆರಂಭದ ವರ್ಷಗಳಲ್ಲಿ ಫಿಟ್ಸ್ ಬಂದ ರೋಗಿಯ ಮಿದುಳಿನಲ್ಲಿ ಒಂಟಿ ಗಂಟು ಕಂಡರೆ ಅದು ಕ್ಷಯದ ಗಂಟೆಂದೇ ತಿಳಿದು ತಿಂಗಳುಗಟ್ಟಲೆ ಕ್ಷಯದ ಔಷಧ ಕೊಡಲಾಗುತ್ತಿತ್ತು. ಅಂಥ ಗಂಟುಗಳಲ್ಲಿ ಬಹುಪಾಲು ಲಾಡಿಹುಳುವಿನ ಸಾಯುತ್ತಿರುವ ಮರಿಕೋಶಗಳೆಂದು ತೋರಿಸಿಕೊಟ್ಟವರು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ನರಶಸ್ತ್ರಚಿಕಿತ್ಸಕರು. 1990ರ ಆಸುಪಾಸಿನಲ್ಲಿ ಅವರು ಅಂಥ ಗಂಟುಗಳನ್ನು ಹೊರತೆಗೆದು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದ್ದರಿಂದ ಸಾವಿರಾರು ರೋಗಿಗಳಿಗೆ ಬೇಡದ ಔಷಧದ ಶಿಕ್ಷೆ ತಪ್ಪಿತು.

ಇಲ್ಲಿ ಒಂದು ಜನಪ್ರಿಯ ತಪ್ಪು ಕಲ್ಪನೆಯನ್ನೂ ನಿವಾರಿಸಿಕೊಳ್ಳಬೇಕು. 'ಎಲೆಕೋಸಿನೊಳಗಿನ ಹುಳು ಮಿದುಳಿಗೆ ಹೋಗುತ್ತದೆ' ಎಂಬ ಮಾತು ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಕೋಸಿನ ಎಲೆಯ ಮೇಲೆ ಹರಿದಾಡುವ ಹಸಿರು ಕಂಬಳಿಹುಳು ಪಾಪದ್ದು. ಅದು ಚಿಟ್ಟೆಯ ಅಥವಾ ಪತಂಗದ ಮರಿ. ಅದರಿಂದ ಮಿದುಳಿಗೆ ಯಾವ ಅಪಾಯವೂ ಇಲ್ಲ. ಅಪಾಯವಿರುವುದು ಎಲೆಯ ಮಡಿಕೆಗಳಲ್ಲಿ ಸಿಕ್ಕಿಕೊಂಡಿರಬಹುದಾದ, ಕಣ್ಣಿಗೆ ಕಾಣದ ಲಾಡಿಹುಳುವಿನ ಮೊಟ್ಟೆಯಿಂದ. ಅದು ಕೋಸಿಗೆ ಬಂದದ್ದು ಕೋಸಿನ ದೋಷದಿಂದಲ್ಲ. ಗದ್ದೆಗೆ ಹಾಯಿಸಿದ ನೀರಿನಿಂದ ಅಥವಾ ಗದ್ದೆಯಲ್ಲಿ ಬಿದ್ದ ಮಲದಿಂದ.

ಸ್ವಚ್ಛವಾಗಿ ಕಾಣುವ ನೀರು

ನೀರಿನ ವಿಷಯಕ್ಕೆ ಬರೋಣ. ಕ್ಲೋರಿನ್ ಹಾಕಿದ ನೀರು ಸುರಕ್ಷಿತ ಎಂಬ ನಂಬಿಕೆ ಕಾಲರಾ, ವಿಷಮಶೀತ ಜ್ವರಗಳ ಮಟ್ಟಿಗೆ ಸರಿ. ಆದರೆ ಪರಾವಲಂಬಿಗಳು ಬ್ಯಾಕ್ಟೀರಿಯಾಗಳಂತಲ್ಲ. ಅವು ಗಟ್ಟಿ ಕವಚದೊಳಗೆ ಅವಿತು ಪ್ರಯಾಣ ಮಾಡುತ್ತವೆ. ಜಿಯಾರ್ಡಿಯ ಎಂಬ ಏಕಕೋಶಜೀವಿಯನ್ನು 1681ರಲ್ಲಿಯೇ ಹಾಲೆಂಡಿನ ಲೇವನ್‌ಹುಕ್ ತನ್ನದೇ ಮಲದಲ್ಲಿ ಸೂಕ್ಷ್ಮದರ್ಶಕದ ಮೂಲಕ ಕಂಡಿದ್ದ. ಅದರ ಹತ್ತು ಕೋಶಗಳು ಹೊಟ್ಟೆ ಸೇರಿದರೂ ಸೋಂಕು ತಗುಲಬಲ್ಲದು. ತಣ್ಣನೆಯ ನೀರಿನಲ್ಲಿ ಅವು ವಾರಗಟ್ಟಲೆ ಜೀವಂತವಾಗಿರುತ್ತವೆ. ಕ್ರಿಪ್ಟೊಸ್ಪೊರಿಡಿಯಂ ಎಂಬ ಮತ್ತೊಂದು ಜೀವಿಯ ಕವಚವಂತೂ ನಲ್ಲಿ ನೀರಿನಲ್ಲಿ ಬಳಸುವ ಪ್ರಮಾಣದ ಕ್ಲೋರಿನ್ನನ್ನು ದಿನಗಟ್ಟಲೆ ತಡೆದುಕೊಳ್ಳುತ್ತದೆ.

ಇದರ ಬೆಲೆ ಏನೆಂಬುದು 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರಕ್ಕೆ ತಿಳಿಯಿತು. ಮಿಷಿಗನ್ ಸರೋವರದ ನೀರನ್ನು ಶುದ್ಧೀಕರಿಸುವ ಎರಡು ಘಟಕಗಳ ಪೈಕಿ ಒಂದರಲ್ಲಿ ಮಾರ್ಚ್ ಕೊನೆಯ ಹೊತ್ತಿಗೆ ನೀರಿನ ಕಲಕು ಏರಿತು. ಕ್ಲೋರಿನ್ ಇತ್ತು, ಶೋಧಕಗಳಿದ್ದವು; ಆದರೆ ಶೋಧನೆಯಲ್ಲಿ ಸೋಲಾಯಿತು. ನೀರನ್ನು ಕುದಿಸಿ ಕುಡಿಯಿರಿ ಎಂದು ಏಪ್ರಿಲ್ 7ರಂದು ಪ್ರಕಟಣೆ ಹೊರಡುವ ಹೊತ್ತಿಗೆ ತಡವಾಗಿತ್ತು. ಅಂದಾಜಿನ ಪ್ರಕಾರ 4,03,000 ಜನ, ಅಂದರೆ ಆ ಮಹಾನಗರ ಪ್ರದೇಶದ ನಾಲ್ವರಲ್ಲಿ ಒಬ್ಬರು, ಅತಿಸಾರಕ್ಕೆ ತುತ್ತಾದರು. ರೋಗನಿರೋಧಕ ಶಕ್ತಿ ಕುಂದಿದ್ದ ಏಡ್ಸ್ ರೋಗಿಗಳಲ್ಲಿ ಹಲವರು ಸತ್ತರು. ಮೊದಲು ಎಲ್ಲರ ಅನುಮಾನ ಹೋದದ್ದು ಸುತ್ತಲಿನ ಹೈನುಗಾರಿಕೆಯ ದನಕರುಗಳ ಮೇಲೆ. ವರ್ಷಗಳ ನಂತರ ಉಳಿದಿದ್ದ ಮಾದರಿಗಳ ವಂಶವಾಹಿಯನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಸಿಕ್ಕಿದ್ದು ಮನುಷ್ಯರಿಂದ ಮನುಷ್ಯರಿಗೆ ಹರಡುವ ತಳಿ. ಅಪವಾದ ಹೊತ್ತದ್ದು ಕರು. ಬೆರಳು ತೋರಿದ್ದು ಮನುಷ್ಯನ ಚರಂಡಿಯತ್ತ.

ಶುದ್ಧೀಕರಣ ಘಟಕ ಸರಿಯಾಗಿದ್ದರೂ ಅಲ್ಲಿಂದ ಮನೆಗೆ ಬರುವ ದಾರಿಯಲ್ಲಿ ನೀರು ಕೆಡಬಹುದು. 1933ರಲ್ಲಿ ಶಿಕಾಗೊ ನಗರದಲ್ಲಿ ವಿಶ್ವ ವಸ್ತುಪ್ರದರ್ಶನ ನಡೆದಾಗ ಅಲ್ಲಿನ ಹೋಟೆಲುಗಳಲ್ಲಿ ಇಳಿದುಕೊಂಡ ಸುಮಾರು 1,400 ಮಂದಿಗೆ ಅಮೀಬಾದಿಂದ ಬರುವ ಆಮಶಂಕೆ ತಗುಲಿ ನೂರರ ಸಮೀಪ ಜನ ಪ್ರಾಣ ಬಿಟ್ಟರು. ಕಾರಣ: ಹಳೆಯ ಕಟ್ಟಡಗಳಲ್ಲಿ ಕುಡಿಯುವ ನೀರಿನ ಕೊಳವೆಗೂ ಕೊಳಚೆಯ ಕೊಳವೆಗೂ ಇದ್ದ ಕೆಟ್ಟ ಜೋಡಣೆ.

ನಮ್ಮ ಊರುಗಳಲ್ಲಿ ಈ ತೊಂದರೆಗೆ ಇನ್ನೊಂದು ಮುಖವಿದೆ. ಎರಡು ದಿನಕ್ಕೊಮ್ಮೆ, ನಾಲ್ಕು ದಿನಕ್ಕೊಮ್ಮೆ ನೀರು ಬಿಡುವ ವ್ಯವಸ್ಥೆಯಲ್ಲಿ ಉಳಿದ ಹೊತ್ತು ಕೊಳವೆಗಳು ಬರಿದಾಗಿರುತ್ತವೆ. ಒಳಗೆ ಒತ್ತಡವಿಲ್ಲದಾಗ ಪಕ್ಕದ ಚರಂಡಿಯ ನೀರು ಬಿರುಕುಗಳ ಮೂಲಕ ಒಳಗೆ ಜಿನುಗುತ್ತದೆ. ಹುಬ್ಬಳ್ಳಿ–ಧಾರವಾಡದ ಎಂಟು ವಾರ್ಡುಗಳಲ್ಲಿ ದಿನದ 24 ಗಂಟೆಯೂ ನೀರು ಪೂರೈಸುವ ಪ್ರಯೋಗ ನಡೆದ ಬಳಿಕ ಸಂಶೋಧಕರು ಎರಡೂ ಬಗೆಯ ಬಡಾವಣೆಗಳ ನಲ್ಲಿ ನೀರನ್ನು ಹೋಲಿಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಬಿಟ್ಟು ಬಿಟ್ಟು ನೀರು ಬರುವ ಕಡೆ ಸುಮಾರು ಶೇ 32ರಷ್ಟು ಮಾದರಿಗಳಲ್ಲಿ ಮಲಮೂಲದ ಬ್ಯಾಕ್ಟೀರಿಯಾ ಇ. ಕೋಲಿ ಸಿಕ್ಕಿತು, ನಿರಂತರ ನೀರಿರುವ ಕಡೆ ಶೇ 1ಕ್ಕೂ ಕಡಿಮೆ. ಇ. ಕೋಲಿ ಪರಾವಲಂಬಿಯಲ್ಲ ನಿಜ. ಆದರೆ ಮಲದ ಬ್ಯಾಕ್ಟೀರಿಯಾ ನುಗ್ಗಿದ ಬಿರುಕಿನಲ್ಲಿ ಅಮೀಬಾದ, ಜಿಯಾರ್ಡಿಯದ ಕೋಶಗಳಿಗೂ ಜಾಗವಿರುತ್ತದೆ.

ಉಳ್ಳವರ ಉತ್ತರ ಸಿದ್ಧವಿದೆ: ಅಡುಗೆಮನೆಯ ಗೋಡೆಯಲ್ಲೊಂದು ಶುದ್ಧೀಕರಣ ಯಂತ್ರ. ಸುಸ್ಥಿತಿಯಲ್ಲಿದ್ದರೆ ಅದು ಕುಡಿಯುವ ನೀರನ್ನು ಕಾಪಾಡುತ್ತದೆ. ಚೆನ್ನಾಗಿ ಕುದಿಸಿದ ನೀರೂ ಅಷ್ಟೇ ಸುರಕ್ಷಿತ. ಆದರೆ ಸೊಪ್ಪು ತೊಳೆಯುವುದು, ಪಾತ್ರೆ ಜಾಲಿಸುವುದು, ಮಕ್ಕಳು ಬಾಯಿ ಮುಕ್ಕಳಿಸುವುದು ಯಾವ ನೀರಿನಿಂದ? ಶಾಲೆಯಲ್ಲಿ, ದರ್ಶಿನಿಯಲ್ಲಿ, ಮದುವೆಯ ಛತ್ರದಲ್ಲಿ ಕುಡಿಯುವುದು ಯಾವ ನೀರನ್ನು?

ಕೊತ್ತಂಬರಿ ಸೊಪ್ಪು ಹೇಳುವ ಕಥೆ

ಆಹಾರದ ದಾರಿ ಇನ್ನಷ್ಟು ಜಟಿಲ. ಮೆಕ್ಸಿಕೊದ ಪ್ಯುಬ್ಲಾ ಪ್ರಾಂತ್ಯದಿಂದ ಬರುವ ಕೊತ್ತಂಬರಿ ಸೊಪ್ಪಿನ ಮೇಲೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2015ರ ಜುಲೈನಲ್ಲಿ ಆಮದು ನಿರ್ಬಂಧ ಹೇರಿತು. ಸೈಕ್ಲೊಸ್ಪೊರ ಎಂಬ ಕರುಳಿನ ಪರಾವಲಂಬಿಯಿಂದ ಅಮೆರಿಕದಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಮರುಕಳಿಸುತ್ತಿದ್ದ ಅತಿಸಾರದ ಜಾಡು ಅಲ್ಲಿಗೆ ತಲುಪಿತ್ತು. ತೋಟಗಳಿಗೆ ಹೋದ ತಪಾಸಣಾಧಿಕಾರಿಗಳಿಗೆ ಬೆಳೆಯ ನಡುವೆಯೇ ಮನುಷ್ಯನ ಮಲ ಕಂಡಿತು. ಕೂಲಿಯವರಿಗೆ ಬಳಸಬಹುದಾದ ಶೌಚಾಲಯವಾಗಲಿ ಕೈ ತೊಳೆಯುವ ವ್ಯವಸ್ಥೆಯಾಗಲಿ ಹಲವೆಡೆ ಇರಲಿಲ್ಲ. ಕೂಲಿಯವರಿಗೆ ನಿರಾಕರಿಸಿದ ಶೌಚಾಲಯ ಗಡಿ ದಾಟಿ ಶ್ರೀಮಂತ ದೇಶದ ಊಟದ ಮೇಜಿಗೆ ಬಂದು ಕುಳಿತಿತ್ತು.

ಕೊತ್ತಂಬರಿ ಇಲ್ಲದ ಅಡುಗೆ ನಮ್ಮಲ್ಲಿ ಇಲ್ಲವೇ ಇಲ್ಲ. ಸಾರಿನಲ್ಲಿ ಕುದಿದ ಸೊಪ್ಪಿನಿಂದ ತೊಂದರೆಯಿಲ್ಲ. ಕೋಸಂಬರಿ, ಚುರುಮುರಿ, ಪಾನಿಪುರಿಗಳ ಮೇಲೆ ಹಸಿಯಾಗಿ ಉದುರಿಸಿದ್ದು ಬೇರೆ. ನಮ್ಮ ನಗರಗಳ ಸುತ್ತಲಿನ ಜಮೀನುಗಳಿಗೆ ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ನೆನೆದರೆ ಈ ವ್ಯತ್ಯಾಸದ ಮಹತ್ವ ತಿಳಿಯುತ್ತದೆ. ಬೆಂಗಳೂರಿನ ಕೊಳಚೆಯನ್ನು ಹೊತ್ತ ವೃಷಭಾವತಿ ಬಿಡದಿ ಬಳಿಯ ಬೈರಮಂಗಲ ಕೆರೆ ಸೇರುತ್ತದೆ. ಆ ನೀರನ್ನು ನಂಬಿದ ರೈತರು ದಶಕಗಳಿಂದ ಮೇವಿನ ಹುಲ್ಲು, ಹಿಪ್ಪುನೇರಳೆ, ಎಳೆ ಮುಸುಕಿನ ಜೋಳ ಬೆಳೆಯುತ್ತ ಬಂದಿದ್ದಾರೆ. ಅವರನ್ನು ದೂರುವುದು ಸುಲಭ. ಆದರೆ ಆ ನೀರನ್ನು ಕೆಡಿಸಿ ಕೆಳಕ್ಕೆ ಹರಿಯಬಿಟ್ಟವರು ನಗರವಾಸಿಗಳಾದ ನಾವೇ ಎಂಬುದನ್ನು ಮರೆಯಬಾರದು. ಕೊಳಚೆ ನೀರಿನ ಹೊಲದಲ್ಲಿ ಬರಿಗಾಲಲ್ಲಿ ನಿಂತು ಕೆಲಸ ಮಾಡುವವರಿಗೆ ಸೋಂಕು ಮೊದಲು ತಗುಲುತ್ತದೆ; ನಮಗೆ ಆಮೇಲೆ.

ಬಳಸಿದ ನೀರಿನಿಂದ ಬೇಸಾಯ ಮಾಡಲೇಬಾರದೆಂದು ಯಾರೂ ಹೇಳುತ್ತಿಲ್ಲ. ನೀರಿನ ಬರವಿರುವ ನಾಡಿನಲ್ಲಿ ಅದು ಅನಿವಾರ್ಯವೂ ಹೌದು. ಅಂಥ ನೀರಿನಲ್ಲಿ ಲೀಟರಿಗೆ ಒಂದಕ್ಕಿಂತ ಹೆಚ್ಚು ಜಂತುಹುಳುವಿನ ಮೊಟ್ಟೆ ಇರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿಯೇ ಮಾರ್ಗಸೂಚಿ ಕೊಟ್ಟಿದೆ. 2006ರ ಪರಿಷ್ಕರಣೆಯಲ್ಲೂ ಅದನ್ನು ಉಳಿಸಿಕೊಂಡಿದೆ. ಒಂದು ಹೆಣ್ಣು ದುಂಡುಹುಳು ದಿನಕ್ಕೆ ಸುಮಾರು ಎರಡು ಲಕ್ಷ ಮೊಟ್ಟೆ ಇಡುತ್ತದೆ ಎಂಬುದನ್ನು ನೆನೆದರೆ ಈ ಮಿತಿ ಎಷ್ಟು ಬಿಗಿಯಾದುದೆಂದು ಅರಿವಾಗುತ್ತದೆ. ಆ ಮೊಟ್ಟೆಗಳು ಮಣ್ಣಿನಲ್ಲಿ ಎರಡರಿಂದ ನಾಲ್ಕು ವಾರದಲ್ಲಿ ಸೋಂಕು ತಗುಲಿಸುವ ಶಕ್ತಿ ಪಡೆದು, ಅನುಕೂಲ ಹವೆಯಿದ್ದರೆ ವರ್ಷಗಳ ಕಾಲ ಕಾಯುತ್ತ ಬಿದ್ದಿರಬಲ್ಲವು. ಉಪ್ಪುನೀರು, ವಿನಿಗರ್‌ಗಳಿಂದ ಅವು ಸಾಯುತ್ತವೆಂದು ನಂಬುವಂತಿಲ್ಲ. ಹರಿಯುವ ಶುದ್ಧ ನೀರಿನಲ್ಲಿ ಎಲೆ ಎಲೆಯಾಗಿ ಉಜ್ಜಿ ತೊಳೆದರೆ ಬಹಳಷ್ಟು ಹೋಗುತ್ತವೆ. ಬೇಯಿಸಿದರೆ ಖಂಡಿತ ಸಾಯುತ್ತವೆ.

ಪ್ರಾಣಿಗಳು ಅಪರಾಧಿಗಳಲ್ಲ

ಪ್ರಾಣಿಗಳಿಂದ ಹರಡುವ ಹುಳುಗಳ ಪೈಕಿ ನಾಯಿಯ ಪುಟ್ಟ ಲಾಡಿಹುಳು ವಿಶೇಷವಾಗಿ ಗಮನಾರ್ಹ. ಕೆಲವೇ ಮಿಲಿಮೀಟರ್ ಉದ್ದದ ಈ ಹುಳು ನಾಯಿಯ ಕರುಳಿನಲ್ಲಿ ಇರುತ್ತದೆ. ಅದರ ಮೊಟ್ಟೆ ಬಿದ್ದ ಹುಲ್ಲನ್ನು ಮೇಯ್ದ ಕುರಿಯ ಈಲಿ, ಶ್ವಾಸಕೋಶಗಳಲ್ಲಿ ನೀರು ತುಂಬಿದ ಗುಳ್ಳೆಗಳು ಬೆಳೆಯುತ್ತವೆ. ಕುರಿಯನ್ನು ಕಡಿದವರು ಆ ಕೆಟ್ಟ ಈಲಿಯನ್ನು ನಾಯಿಗೆ ಎಸೆದರೆ ಚಕ್ರ ಪೂರ್ಣ. ನಡುವೆ ಮನುಷ್ಯ ಆ ಮೊಟ್ಟೆಯನ್ನು ನುಂಗಿದರೆ ಅವನ ಈಲಿಯಲ್ಲೂ ಅದೇ ಗುಳ್ಳೆ. ವರ್ಷಗಳ ನಂತರ ಶಸ್ತ್ರಚಿಕಿತ್ಸೆ. ನಮ್ಮ ಪಟ್ಟಣಗಳ ಕಸಾಯಿಖಾನೆಗಳ ಹಿಂದೆ, ವಾರದ ಸಂತೆಗಳ ಅಂಚಿನಲ್ಲಿ ನಾಯಿಗಳ ಹಿಂಡು ಯಾವುದಕ್ಕೆ ಕಾದಿರುತ್ತದೆ ಎಂಬುದನ್ನು ಎಲ್ಲರೂ ಬಲ್ಲರು.

ಈ ಚಕ್ರವನ್ನು ಮುರಿಯಬಹುದು ಎಂಬುದಕ್ಕೆ ಐಸ್‌ಲೆಂಡ್ ಸಾಕ್ಷಿ. 19ನೆಯ ಶತಮಾನದಲ್ಲಿ ಕುರಿ ಸಾಕುವ ಆ ಬಡ ದ್ವೀಪ ಈ ರೋಗದಿಂದ ಜರ್ಝರಿತವಾಗಿತ್ತು. 1863ರಲ್ಲಿ ಅಲ್ಲಿಗೆ ಹೋದ ಡೆನ್ಮಾರ್ಕಿನ ವಿಜ್ಞಾನಿ ಹರಾಲ್ಡ್ ಕ್ರಾಬೆ ರೋಗ ಹರಡುವ ಬಗೆಯನ್ನು ಸರಳವಾಗಿ ವಿವರಿಸುವ ಕಿರುಹೊತ್ತಗೆ ಬರೆದ. ಅದನ್ನು ಜನರಿಗೆ ಉಚಿತವಾಗಿ ಹಂಚಲಾಯಿತು. ಗುಳ್ಳೆಯಿರುವ ಅಂಗಗಳನ್ನು ನಾಯಿಗೆ ಸಿಗದಂತೆ ನಾಶಪಡಿಸಬೇಕೆಂಬ ಕಾನೂನು ಬಂತು. ಓದು ಬಲ್ಲ ಜನ ಆ ಹೊತ್ತಗೆಯನ್ನು ಓದಿದರು, ಓದಿದಂತೆ ನಡೆದರು. ಕೆಲವು ತಲೆಮಾರುಗಳಲ್ಲಿ ರೋಗವೇ ಆ ದೇಶದಿಂದ ಮರೆಯಾಯಿತು.

ಹಂದಿಯ ವಿಷಯದಲ್ಲೂ ವಿಜ್ಞಾನ ಕೈಕಟ್ಟಿ ಕುಳಿತಿಲ್ಲ. ಹಂದಿಗಳಿಗೆ ಹಾಕುವ ಲಾಡಿಹುಳುವಿನ ಲಸಿಕೆಯನ್ನು ಆಸ್ಟ್ರೇಲಿಯದ ಮೆಲ್ಬರ್ನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ರೂಪಿಸಿದರು. ಅದನ್ನು ತಯಾರಿಸುತ್ತಿರುವುದು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆ. ಲಸಿಕೆಯ ಜೊತೆಗೆ ಹಂದಿಗೆ ಹುಳುವಿನ ಔಷಧವನ್ನೂ ಕೊಟ್ಟರೆ ಅದರ ಮಾಂಸದಲ್ಲಿ ಕೋಶ ಉಳಿಯದು. ಅಷ್ಟಕ್ಕೂ ಹಂದಿ ರೋಗವನ್ನು ಪಡೆಯುವುದು ಮನುಷ್ಯನಿಂದಲೇ. ಬಯಲಲ್ಲಿ ಮನುಷ್ಯನ ಮಲ ಸಿಗದಿದ್ದರೆ ಅದರ ದೇಹದಲ್ಲಿ ಕೋಶವೂ ಇರುವುದಿಲ್ಲ.

ಮಾತ್ರೆ ಬೇಕು, ಮಾತ್ರೆಯಷ್ಟೇ ಸಾಲದು

ಮಣ್ಣಿನಿಂದ ಹರಡುವ ದುಂಡುಹುಳು, ಚಾಟಿಹುಳು, ಕೊಕ್ಕೆಹುಳುಗಳು ಜಗತ್ತಿನ ಸುಮಾರು 150 ಕೋಟಿ ಜನರಲ್ಲಿವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇವುಗಳಲ್ಲಿ ಕೊಕ್ಕೆಹುಳುವಿಗೆ ಬಾಯಿಯ ದಾರಿಯೇ ಬೇಕಿಲ್ಲ. ಬರಿಗಾಲಿನ ಚರ್ಮವನ್ನು ಕೊರೆದು ಒಳಹೋಗುತ್ತದೆ. 19ನೆಯ ಶತಮಾನದ ಕೊನೆಯಲ್ಲಿ ಕೈರೋದ ಪ್ರಯೋಗಾಲಯದಲ್ಲಿ ಜರ್ಮನಿಯ ಆರ್ಥರ್ ಲೂಸ್ ಎಂಬ ವಿಜ್ಞಾನಿಯ ಕೈಮೇಲೆ ಮರಿಹುಳುಗಳಿದ್ದ ನೀರು ಅಕಸ್ಮಾತ್ತಾಗಿ ಚೆಲ್ಲಿತು. ತುರಿಕೆಯಾಯಿತು, ಕೆಲವು ವಾರಗಳ ನಂತರ ಅವನ ಮಲದಲ್ಲಿ ಹುಳುವಿನ ಮೊಟ್ಟೆಗಳು ಕಂಡವು. ಹೀಗೆ ಈ ಗುಟ್ಟು ಬಯಲಾಯಿತು. ನಮ್ಮಲ್ಲಿ ಸಾಮಾನ್ಯವಾದ ಜಾತಿಯ ಒಂದು ಕೊಕ್ಕೆಹುಳು ದಿನಕ್ಕೆ ಹೀರುವ ರಕ್ತ ಸುಮಾರು 0.03 ಮಿಲಿಲೀಟರ್, ಒಂದು ಹನಿಗೂ ಕಡಿಮೆ. ಆದರೆ ನೂರು ಹುಳುಗಳಿದ್ದರೆ ತಿಂಗಳಿಗೆ 90 ಮಿಲಿಲೀಟರ್. ಸರಿಯಾದ ಊಟವಿಲ್ಲದ ಮಗುವಿಗೆ, ಬಸುರಿ ಹೆಂಗಸಿಗೆ ಈ ನಷ್ಟ ತುಂಬಿಕೊಳ್ಳಲಾಗದ್ದು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿ ರಕ್ತಹೀನರು. ಇದಕ್ಕೆಲ್ಲ ಹುಳುವೇ ಕಾರಣವಲ್ಲ. ಆದರೆ ಬರಿದಾದ ಬೊಕ್ಕಸದಿಂದ ಕದಿಯುವ ಕಳ್ಳನನ್ನು ಚಿಲ್ಲರೆ ಕಳ್ಳನೆಂದು ಬಿಡಲಾದೀತೆ?

2015ರ ಫೆಬ್ರುವರಿ 10ರಂದು ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಕಾರ್ಯಕ್ರಮ ಈ ದೃಷ್ಟಿಯಿಂದ ಸ್ವಾಗತಾರ್ಹ. ಶಾಲೆ, ಅಂಗನವಾಡಿಗಳಲ್ಲಿ 1ರಿಂದ 19 ವರ್ಷದವರಿಗೆ ಅಲ್ಬೆಂಡಜೋಲ್ ಮಾತ್ರೆ ಕೊಡುವ ಈ ಕಾರ್ಯಕ್ರಮ ಅಗ್ಗವಾದುದು, ಸುರಕ್ಷಿತವಾದುದು. ಆದರೆ ಮಾತ್ರೆ ಹೊಟ್ಟೆಯೊಳಗಿನ ಹುಳುವನ್ನು ಕೊಲ್ಲುತ್ತದೆಯೇ ಹೊರತು ಅಂಗಳದ ಮಣ್ಣನ್ನು ಶುದ್ಧ ಮಾಡುವುದಿಲ್ಲ. ಜಗತ್ತಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಕಂಡುಕೊಂಡಂತೆ, ಚಿಕಿತ್ಸೆಯಾದ 12 ತಿಂಗಳಲ್ಲಿ ದುಂಡುಹುಳುವಿನ ಸೋಂಕು ಮೊದಲಿದ್ದ ಪ್ರಮಾಣದ ಶೇ 94ಕ್ಕೆ ಮರಳುತ್ತದೆ. ಕೊಕ್ಕೆಹುಳು ಶೇ 57ಕ್ಕೆ. ಇನ್ನು ಕ್ರಿಪ್ಟೊಸ್ಪೊರಿಡಿಯಂನಂಥ ಜೀವಿಗಳಿಗೆ ಈ ಮಾತ್ರೆಯ ಲೆಕ್ಕವೇ ಇಲ್ಲ.

ಹಾಗಾದರೆ ಶೌಚಾಲಯ ಕಟ್ಟಿದರೆ ಸಾಕೆ? ಒಡಿಶಾದ ಪುರಿ ಜಿಲ್ಲೆಯ 100 ಹಳ್ಳಿಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದ ಉತ್ತರ ಕಹಿಯಾಗಿದೆ. ಅಭಿಯಾನ ನಡೆದ ಹಳ್ಳಿಗಳಲ್ಲಿ ಶೌಚಾಲಯವುಳ್ಳ ಮನೆಗಳ ಪ್ರಮಾಣ ಶೇ 9ರಿಂದ ಶೇ 63ಕ್ಕೆ ಏರಿತು. ಆದರೆ ಅತಿಸಾರವಾಗಲಿ ಜಂತುಹುಳುವಾಗಲಿ ಕಡಿಮೆಯಾಗಲಿಲ್ಲ. ಕಟ್ಟಿದ್ದೆಲ್ಲ ಬಳಕೆಗೆ ಯೋಗ್ಯವಾಗಿರಲಿಲ್ಲ. ಯೋಗ್ಯವಾದದ್ದನ್ನೂ ಎಲ್ಲರೂ ಬಳಸಲಿಲ್ಲ. ನಿಂತ ಗೋಡೆಗಳನ್ನು ಎಣಿಸಿ ಊರು ನಿರ್ಮಲವಾಯಿತೆಂದು ಘೋಷಿಸುವವರು ಈ ಅಧ್ಯಯನವನ್ನು ಗಮನಿಸಬೇಕು.

ಗುಂಡಿ ತುಂಬಿದ ಮೇಲೆ ಏನು ಎಂಬುದು ಮುಂದಿನ ಪ್ರಶ್ನೆ. ಹೀರುವ ಲಾರಿಯಲ್ಲಿ ತುಂಬಿಕೊಂಡ ಹೊಲಸನ್ನು ಕೆರೆಯಂಗಳಕ್ಕೋ ಹೊಲಕ್ಕೋ ಸುರಿದರೆ ಒಂದೆಡೆ ಅಡಗಿದ್ದ ಮೊಟ್ಟೆಗಳನ್ನು ಊರಿಗೆಲ್ಲ ಹಂಚಿದಂತೆ. 2015ರಲ್ಲಿ ದೇವನಹಳ್ಳಿಯಲ್ಲಿ ಮಲಗುಂಡಿಯ ಹೊಲಸನ್ನು ಸಂಸ್ಕರಿಸುವ ಘಟಕ ಆರಂಭವಾದಾಗ ದೇಶದಲ್ಲಿ ಅಂಥವು ವಿರಳ. ಒಳಚರಂಡಿ ಇಲ್ಲದ ಪ್ರತಿಯೊಂದು ಪಟ್ಟಣಕ್ಕೂ ಅಂಥ ಘಟಕ ಬೇಕು.

ದಕ್ಷಿಣ ಕೊರಿಯಾದ ಅನುಭವ ಇಲ್ಲಿ ಕಣ್ಣು ತೆರೆಸುವಂಥದು. 1963ರಲ್ಲಿ ಅಲ್ಲಿನ ಚೋಂಜು ನಗರದ ಆಸ್ಪತ್ರೆಯೊಂದರಲ್ಲಿ ಒಂಬತ್ತು ವರ್ಷದ ಬಾಲಕಿಯ ಕರುಳಿನಿಂದ 1,063 ದುಂಡುಹುಳುಗಳನ್ನು ಹೊರತೆಗೆಯಲಾಯಿತು. ಮಗು ಉಳಿಯಲಿಲ್ಲ. ದೇಶ ನಾಚಿಕೆಯಿಂದ ತಲೆತಗ್ಗಿಸಿತು. ಆದರೆ ತಲೆತಗ್ಗಿಸಿ ಸುಮ್ಮನಾಗಲಿಲ್ಲ. 1964ರಲ್ಲಿ ಪರಾವಲಂಬಿ ನಿರ್ಮೂಲನ ಸಂಘ ಹುಟ್ಟಿತು. 1966ರಲ್ಲಿ ಕಾನೂನು ಬಂತು. 1969ರಿಂದ ಶಾಲಾಮಕ್ಕಳೆಲ್ಲರ ಮಲಪರೀಕ್ಷೆ ವರ್ಷಕ್ಕೆರಡು ಬಾರಿ ನಡೆಯತೊಡಗಿತು. ಸೋಂಕಿದ್ದವರಿಗೆ ಔಷಧ ಕೊಡಲಾಯಿತು. ಜೊತೆಜೊತೆಗೆ ಹಸಿ ಮಲವನ್ನು ಗೊಬ್ಬರವಾಗಿ ಗದ್ದೆಗೆ ಸುರಿಯುವ ರೂಢಿ ನಿಂತಿತು. ಒಳಚರಂಡಿ, ನಲ್ಲಿ ನೀರು, ವರಮಾನ ಎಲ್ಲವೂ ಬೆಳೆದವು. 1971ರ ಸಮೀಕ್ಷೆಯಲ್ಲಿ ಶೇ 84ರಷ್ಟು ಜನರಲ್ಲಿದ್ದ ಹುಳುಗಳು 1997ರ ಹೊತ್ತಿಗೆ ಶೇ 2.4ಕ್ಕೆ ಇಳಿದವು. ಒಂದು ತಲೆಮಾರಿನಲ್ಲಿ ಇದು ಸಾಧ್ಯವಾದದ್ದು ಮಾತ್ರೆಯಿಂದಲೂ ಅಲ್ಲ, ಶೌಚಾಲಯದಿಂದಲೂ ಅಲ್ಲ. ಎರಡನ್ನೂ ಬಿಡದೆ ನಡೆಸಿದ ಛಲದಿಂದ.

ಬೇರೆ ಲೋಟದಿಂದ ರಕ್ಷಣೆಯಿಲ್ಲ

ಮತ್ತೆ ನ್ಯೂಯಾರ್ಕಿನ ಆ ಮನೆಗಳತ್ತ ನೋಡೋಣ. ಆ ಪ್ರಕರಣದಿಂದ ಎರಡು ಪಾಠ ಕಲಿಯಬಹುದು. ಒಂದು, ಕೆಲಸದವರನ್ನು ಅನುಮಾನದಿಂದ ನೋಡುವುದು. ಇನ್ನೊಂದು, ಅವರ ಆರೋಗ್ಯವೂ ನಮ್ಮ ಆರೋಗ್ಯವೂ ಬೇರೆಯಲ್ಲವೆಂದು ಅರಿಯುವುದು. ಮೊದಲನೆಯದನ್ನು ಕಲಿಯಲು ನಮಗೆ ನ್ಯೂಯಾರ್ಕಿನ ಉದಾಹರಣೆ ಬೇಕಿಲ್ಲ. ಅದು ನಮ್ಮಲ್ಲಿ ಹಳೆಯ ರೋಗ. ಇಂದಿಗೂ ಎಷ್ಟೋ ಮನೆಗಳಲ್ಲಿ ಕೆಲಸದಾಕೆಗೆ ಕಾಫಿ ಕುಡಿಯಲು ಬೇರೆ ಲೋಟ. ಬೆಳಗಿನಿಂದ ಸಂಜೆಯವರೆಗೆ ನಾಲ್ಕಾರು ಮನೆಗಳ ಬಚ್ಚಲು ತೊಳೆಯುವ ಆಕೆಗೆ ಆ ಯಾವ ಮನೆಯ ಶೌಚಾಲಯವನ್ನೂ ಬಳಸುವ ಅನುಮತಿಯಿಲ್ಲ. ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಕೆಲಸದವರಿಗೆಂದು ಶೌಚಾಲಯವಿದ್ದರೂ ಅಲ್ಲಿ ನೀರು, ಸೋಪುಗಳಿರುವುದು ಅಪರೂಪ. ನಾವು ತಿನ್ನುವ ಚಪಾತಿಯ ಹಿಟ್ಟನ್ನು ಕಲಸುವ ಕೈಗೆ ಸೋಪು ನಿರಾಕರಿಸಿ, ಗೋಡೆಯ ಮೇಲಿನ ಯಂತ್ರ ನಮ್ಮನ್ನು ಕಾಪಾಡುತ್ತದೆಂದು ನಂಬುವುದು ಎಂಥ ಜಾಣತನ?

ಆಗಬೇಕಾದ ಕೆಲಸಗಳು ಗೂಢವಾದವೇನಲ್ಲ. ಮನೆಗೆಲಸದವರಿಗೆ, ಕಟ್ಟಡ ಕಾರ್ಮಿಕರಿಗೆ, ತೋಟದ ಕೂಲಿಗಳಿಗೆ ಕೆಲಸದ ಸ್ಥಳದಲ್ಲಿಯೇ ನೀರು–ಸೋಪುಗಳಿರುವ ಶೌಚಾಲಯ ಸಿಗಬೇಕು. ಹೊಟ್ಟೆ ಕೆಟ್ಟ ದಿನ ಸಂಬಳ ಕಡಿಯದೆ ರಜೆ ಕೊಡಬೇಕು. ಇಲ್ಲದಿದ್ದರೆ ಆಕೆ ಅದೇ ಸ್ಥಿತಿಯಲ್ಲಿ ಬಂದು ಅಡುಗೆ ಮಾಡುವುದು ಅನಿವಾರ್ಯ. ಮಲಪರೀಕ್ಷೆ ಮತ್ತು ಚಿಕಿತ್ಸೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾಲೀಕರಿಗೂ ಕೆಲಸದವರಿಗೂ ಒಂದೇ ಬಗೆಯಲ್ಲಿ ದೊರೆಯಬೇಕು. ಲಾಡಿಹುಳುವಿದ್ದರೆ ವೈದ್ಯರ ಸಲಹೆಯಂತೆ ಕೊಡುವ ಔಷಧದಿಂದ ಅದು ಹೋಗುತ್ತದೆ. ಹೋಟೆಲುಗಳ ಕೆಲಸಗಾರರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕೆಂದು 2011ರ ಆಹಾರ ಸುರಕ್ಷತಾ ನಿಯಮಗಳೇ ಹೇಳುತ್ತವೆ. ಅದು ಕಾಗದದ ಮೇಲಿನ ಮೊಹರಾಗಿ ಉಳಿಯಬಾರದು. ಕಸಾಯಿಖಾನೆಯ ತ್ಯಾಜ್ಯ ನಾಯಿಗಳಿಗೆ ಸಿಗದಂತಾಗಬೇಕು. ಹೊಲಕ್ಕೆ ಹೋಗುವ ಸಂಸ್ಕರಿತ ನೀರಿನಲ್ಲಿ ರಾಸಾಯನಿಕಗಳನ್ನಷ್ಟೇ ಅಲ್ಲ, ಹುಳುವಿನ ಮೊಟ್ಟೆಗಳನ್ನೂ ಎಣಿಸಿ ಲೆಕ್ಕವನ್ನು ಜನರ ಮುಂದಿಡಬೇಕು.

ಇವುಗಳಲ್ಲಿ ಕೆಲವನ್ನು ಸರ್ಕಾರ ಮಾಡಬೇಕು, ನಗರಸಭೆ ಮಾಡಬೇಕು. ಅದಕ್ಕಾಗಿ ಒತ್ತಾಯಿಸುವುದು ನಮ್ಮ ಹಕ್ಕು. ಆದರೆ ಶೌಚಾಲಯದ ಬಾಗಿಲಿನ ಚಿಲಕ ತೆರೆಯುವುದಕ್ಕೆ, ತೊಟ್ಟಿಯ ಪಕ್ಕ ಒಂದು ಸೋಪು ಇಡುವುದಕ್ಕೆ ಯಾವ ಸರ್ಕಾರಿ ಆದೇಶವೂ ಬೇಕಿಲ್ಲ. ಸೂಜಿಮೊನೆಗಿಂತ ಸಣ್ಣದಾದ ಒಂದು ಮೊಟ್ಟೆ ಜಾತಿ, ಧರ್ಮ, ಆಹಾರಪದ್ಧತಿ, ಬಡಾವಣೆಗಳ ಗೋಡೆಯನ್ನೆಲ್ಲ ಸಲೀಸಾಗಿ ದಾಟುತ್ತದೆ. ಆ ಗೋಡೆಗಳನ್ನು ಇನ್ನಷ್ಟು ಎತ್ತರಿಸಿದರೆ ಅದು ನಿಲ್ಲುವುದಿಲ್ಲ. ಗೋಡೆಯ ಆಚೆಗಿನವರಿಗೂ ಶುದ್ಧ ನೀರು, ಮರ್ಯಾದೆಯ ಶೌಚಾಲಯ ಸಿಕ್ಕ ದಿನ ಮಾತ್ರ ಈಚೆಗಿನವರು ನಿಶ್ಚಿಂತೆಯಿಂದ ಉಣ್ಣಬಹುದು.